ಪ್ಯಾನ್ ಕೊಟ್ಟಾಗಿದೆ, ಈಗ ಮುಖವನ್ನೂ ತೋರಿಸಬೇಕೇ?

ದಾವಣಗೆರೆ ಮಂಡಿಪೇಟೆಯ ನನ್ನ ಕಚೇರಿಗೆ ಅಡಿಕೆ, ಮೆಕ್ಕೆಜೋಳದ ಲೆಕ್ಕ ಹಿಡಿದು ಬರುವವರೇ ಹೆಚ್ಚು. 2022ರ ಏಪ್ರಿಲ್‌ನಿಂದ ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣದ, ಲಾಭದ ಮೇಲೆ ಶೇ 30ರ ತೆರಿಗೆ ಜಾರಿಯಾದ ಮೇಲೆ ಅವರ ಮಕ್ಕಳೂ ಬರತೊಡಗಿದರು. ಮೊದಮೊದಲು ತೆರಿಗೆಯ ಪ್ರಶ್ನೆಗಳೇ ಇರುತ್ತಿದ್ದವು. ಈಚೆಗೆ ತಮ್ಮ ದಾಖಲೆಗಳು ಯಾರ ಕೈ ಸೇರುತ್ತವೆ ಎಂಬ ಚಿಂತೆ. ಈ ಸಲ ಅಂಥ ಐದು ಪತ್ರಗಳನ್ನು ಎತ್ತಿಕೊಂಡಿದ್ದೇನೆ.

2021ರಲ್ಲಿ ಕ್ರಿಪ್ಟೊ ಕೊಳ್ಳುವ, ಮಾರುವ ತಾಣವಾದ ಒಂದು ಎಕ್ಸ್‌ಚೇಂಜ್‌ನಲ್ಲಿ ಖಾತೆ ತೆರೆದಾಗ ಪ್ಯಾನ್, ಆಧಾರ್ ಎರಡನ್ನೂ ಕೊಟ್ಟಿದ್ದೆ. ಈಗ ಮತ್ತೆ ಸೆಲ್ಫಿ ಕೇಳುತ್ತಿದ್ದಾರೆ. ಕಣ್ಣು ಮಿಟುಕಿಸಬೇಕಂತೆ, ತಲೆ ತಿರುಗಿಸಬೇಕಂತೆ, ನಾನಿರುವ ಜಾಗವೂ ತಿಳಿಯಬೇಕಂತೆ. ನನ್ನಲ್ಲಿರುವುದು ಎಂಟು ಸಾವಿರ ರೂಪಾಯಿಯ ಬಿಟ್‌ಕಾಯಿನ್. ಇಷ್ಟಕ್ಕೆ ಇಷ್ಟೆಲ್ಲ ಕೇಳುವ ಅಧಿಕಾರ ಅವರಿಗಿದೆಯೇ? (ನಿಟುವಳ್ಳಿ, ದಾವಣಗೆರೆ)

ಇದೆ. ನಿಮಗೆ ರುಚಿಸದ ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನೀವು ಖಾತೆ ತೆರೆದಾಗ ಈ ವ್ಯವಹಾರಕ್ಕೆಂದೇ ಗುರುತು ಪರಿಶೀಲನೆಯ ಕಾನೂನು ಇರಲಿಲ್ಲ. ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕ್‌ಗಳು ಸೇವೆ ಕೊಡದಂತೆ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ್ದ ನಿರ್ಬಂಧದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಪಡಿಸಿತ್ತು. ಆಮೇಲೆ ಮೂರು ವರ್ಷ ಎಕ್ಸ್‌ಚೇಂಜ್‌ಗಳು ತಮಗೆ ತೋಚಿದಷ್ಟು ಕೇಳಿದವು. 2023ರ ಮಾರ್ಚ್ 7ರಂದು ಹಣಕಾಸು ಸಚಿವಾಲಯ ಅಧಿಸೂಚನೆ ಹೊರಡಿಸಿ, ಅವನ್ನು 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಅಡಿಗೆ ತಂದಿತು. ಅಂದಿನಿಂದ ಪ್ರತಿಯೊಂದು ಎಕ್ಸ್‌ಚೇಂಜ್ ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ, ಎಫ್‌ಐಯುನಲ್ಲಿ, ನೋಂದಾಯಿಸಿಕೊಳ್ಳಬೇಕು. ಗ್ರಾಹಕರು ಯಾರೆಂದು ತಿಳಿದಿರಬೇಕು, ಅನುಮಾನದ ವ್ಯವಹಾರ ಕಂಡರೆ ಗ್ರಾಹಕರಿಗೆ ಸುಳಿವು ಕೊಡದೆ ವರದಿ ಮಾಡಬೇಕು.

ಕಣ್ಣು ಮಿಟುಕಿಸುವ ಕಸರತ್ತು 2026ರ ಜನವರಿಯಲ್ಲಿ ಎಫ್‌ಐಯು ಹೊರಡಿಸಿದ ಮಾರ್ಗಸೂಚಿಯದು. ಪ್ಯಾನ್ ಕಡ್ಡಾಯ. ಜೊತೆಗೆ ಇನ್ನೊಂದು ಗುರುತಿನ ದಾಖಲೆ, ಜೀವಂತ ವ್ಯಕ್ತಿಯೆಂದು ಖಾತರಿಪಡಿಸುವ ಸೆಲ್ಫಿ, ನೋಂದಣಿಯ ಕ್ಷಣದಲ್ಲಿ ನೀವಿದ್ದ ಜಾಗದ ಅಕ್ಷಾಂಶ-ರೇಖಾಂಶ, ಅಂತರ್ಜಾಲದಲ್ಲಿ ನಿಮ್ಮ ಮೊಬೈಲ್‌ನ ಗುರುತಾದ ಐಪಿ ವಿಳಾಸ. ಬ್ಯಾಂಕ್ ಖಾತೆ ನಿಮ್ಮದೇ ಹೌದೇ ಎಂದು ನೋಡಲು ಒಂದು ರೂಪಾಯಿ ಹಾಕಿ ಪರೀಕ್ಷಿಸುವುದೂ ಸೇರಿದೆ. ಸಾಮಾನ್ಯ ಗ್ರಾಹಕರು ವರ್ಷಕ್ಕೊಮ್ಮೆ, ಅಪಾಯ ಹೆಚ್ಚೆಂದು ಗುರುತಿಸಲಾದವರು ಆರು ತಿಂಗಳಿಗೊಮ್ಮೆ ಇದನ್ನು ನವೀಕರಿಸಬೇಕು. ನಿಮ್ಮಲ್ಲಿರುವುದು ಎಂಟು ಸಾವಿರವೋ ಎಂಟು ಕೋಟಿಯೋ, ಖಾತೆಯ ಬಾಗಿಲಲ್ಲಿ ಅದು ಲೆಕ್ಕಕ್ಕಿಲ್ಲ.

ಸೆಲ್ಫಿಗೆ ಕಾರಣವಿದೆ. ಬೇರೆಯವರ ಆಧಾರ್ ಪ್ರತಿ, ಬೇರೆಯವರ ಫೋಟೊ ಹಿಡಿದು ಸಾವಿರಾರು ಖಾತೆ ತೆರೆಯುವುದು ಒಂದು ದಂಧೆಯಾಗಿದೆ. ನಿಶ್ಚಲ ಫೋಟೊ ಅದನ್ನು ತಡೆಯಲಾರದು. ಆದರೆ ಜಾಗದ ಗುರುತು ನನಗೂ ಅತಿಯೆನಿಸುತ್ತದೆ. ಕುಂದುವಾಡ ಕೆರೆಯ ಏರಿಯ ಮೇಲೆ ಕುಳಿತು ನೋಂದಾಯಿಸಿಕೊಂಡವನ ಪ್ರಾಮಾಣಿಕತೆಯ ಬಗ್ಗೆ ಅಕ್ಷಾಂಶ ಏನು ಹೇಳುತ್ತದೆ?

ನಿಮ್ಮ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಎರಡನೆಯ ದಾಖಲೆ ಆಧಾರ್ ಆಗಿಯೇ ಇರಬೇಕಾಗಿಲ್ಲ, ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿಯನ್ನೂ ಕೊಡಬಹುದು. ಆಧಾರ್ ಕೊಡುವುದೇ ಆದರೆ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನು ಆಧಾರ್ ನೀಡುವ ಸಂಸ್ಥೆಯಾದ ಯುಐಡಿಎಐನ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಇಲ್ಲಿ ಒಂದು ತಮಾಷೆ ನೆನಪಾಗುತ್ತದೆ. 2022ರ ಮೇ ತಿಂಗಳಲ್ಲಿ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಆಧಾರ್ ಜೆರಾಕ್ಸ್ ಕಂಡಕಂಡವರಿಗೆ ಕೊಡಬೇಡಿ, ಅಂಕಿ ಮರೆಮಾಡಿದ ಪ್ರತಿ ಕೊಡಿ ಎಂದು ಪ್ರಕಟಣೆ ಹೊರಡಿಸಿತು. ಜನ ತಪ್ಪು ತಿಳಿದುಕೊಳ್ಳಬಹುದೆಂದು ದೆಹಲಿ ಎರಡೇ ದಿನದಲ್ಲಿ ಅದನ್ನು ವಾಪಸು ಪಡೆಯಿತು. ನನ್ನ ಮಟ್ಟಿಗೆ ಬೆಂಗಳೂರಿನವರ ಮಾತೇ ಸರಿ.

ಮೊಬೈಲ್‌ನಲ್ಲಿ ಜಾಗದ ಅನುಮತಿಯನ್ನು 'ಆ್ಯಪ್ ಬಳಸುವಾಗ ಮಾತ್ರ' ಎಂದು ಇಟ್ಟು, ಪರಿಶೀಲನೆ ಮುಗಿದ ಕೂಡಲೇ ತೆಗೆದುಹಾಕಿ. ವಾಟ್ಸ್‌ಆ್ಯಪ್‌ನಲ್ಲೋ ಟೆಲಿಗ್ರಾಂನಲ್ಲೋ ದಾಖಲೆ ಕೇಳುವ 'ಸಹಾಯವಾಣಿ'ಗೆ ಏನನ್ನೂ ಕಳುಹಿಸಬೇಡಿ.

ಮಾಹಿತಿ ಸೋರುವುದು ಹೇಗೆಂದು ತಿಳಿದರೆ ಇದು ಬರಿಯ ಎಚ್ಚರಿಕೆಯ ಮಾತಲ್ಲವೆಂದು ಗೊತ್ತಾಗುತ್ತದೆ. ಅಮೆರಿಕದ ಕ್ರಿಪ್ಟೊ ಎಕ್ಸ್‌ಚೇಂಜ್ ಕಂಪನಿ ಕಾಯಿನ್‌ಬೇಸ್‌ನ ಪ್ರಕರಣ 2025ರ ಮೇ ತಿಂಗಳಲ್ಲಿ ಬಯಲಾಯಿತು. ಅಲ್ಲಿ ಯಾರೂ ಬೀಗ ಮುರಿದಿರಲಿಲ್ಲ. ಹೊರದೇಶಗಳಲ್ಲಿ ಕುಳಿತು ಗ್ರಾಹಕರ ಕರೆಗಳಿಗೆ ಉತ್ತರಿಸುತ್ತಿದ್ದ ಕೆಲವು ಸಿಬ್ಬಂದಿಗೆ ಲಂಚ ಕೊಟ್ಟು, ಸುಮಾರು 69,000 ಗ್ರಾಹಕರ ಹೆಸರು, ವಿಳಾಸ, ಗುರುತಿನ ದಾಖಲೆಗಳ ಚಿತ್ರಗಳನ್ನು ಎಗರಿಸಿ, ಎರಡು ಕೋಟಿ ಡಾಲರ್ ಕೊಡಿ ಎಂದು ಕಂಪನಿಯನ್ನೇ ಬೆದರಿಸಿದ್ದರು. ಕಂಪನಿ ಕೊಡಲಿಲ್ಲ. ಆದರೆ ಸೋರಿದ್ದು ಸೋರಿತು. ಪಾಸ್‌ವರ್ಡ್ ಬದಲಾಯಿಸಬಹುದು, ಮುಖ ಬದಲಾಯಿಸಲಾಗದು. ಆದ್ದರಿಂದ ಐದು ಎಕ್ಸ್‌ಚೇಂಜ್‌ಗಳಲ್ಲಿ ಐದು ಖಾತೆ ಬೇಡ, ಒಂದು ಸಾಕು. ನಿಮ್ಮ ಎಂಟು ಸಾವಿರಕ್ಕೆ ಅದೂ ಬೇಕೇ ಎಂಬುದನ್ನು ನೀವೇ ತೀರ್ಮಾನಿಸಿ.

ಹೆಸರು ಹೊಂದುತ್ತಿಲ್ಲವೆಂದು ನನ್ನ ಕೆವೈಸಿ (ಗ್ರಾಹಕರ ಗುರುತು ಪರಿಶೀಲನೆ) ಮೂರು ಬಾರಿ ತಿರಸ್ಕೃತವಾಗಿದೆ. ಪ್ಯಾನ್‌ನಲ್ಲಿ ತಂದೆಯ ಹೆಸರು ನನ್ನ ಹೆಸರಿನ ಹಿಂದೆ ಸೇರಿದೆ, ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ ಇದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಊರಿನ ಹೆಸರಿನ ಅಕ್ಷರವೂ ಇದೆ. (ಜಗಳೂರು)

ನನ್ನ ಬಳಿ ಬರುವ ಕೆವೈಸಿ ದೂರುಗಳಲ್ಲಿ ಅರ್ಧ ಇದೇ. ಮೊದಲ ಹೆಸರು, ಕುಲನಾಮ ಎಂದು ಎರಡು ಖಾನೆ ಮಾಡಿಟ್ಟವರಿಗೆ ನಮ್ಮ ಕಡೆಯ ಹೆಸರು ಅರ್ಥವಾಗುವುದಿಲ್ಲ. ಊರು ಒಂದು ಅಕ್ಷರ, ಅಪ್ಪ ಒಂದು ಅಕ್ಷರ, ಕೊನೆಗೆ ತನ್ನ ಹೆಸರು. ಹೀಗಿದ್ದವರು ಪ್ಯಾನ್ ಅರ್ಜಿ ತುಂಬುವಾಗ 'ಕೊನೆಯ ಹೆಸರು' ಖಾನೆ ಖಾಲಿ ಬಿಡಲಾಗದೆ ಅಪ್ಪನ ಹೆಸರನ್ನು ಬಿಡಿಸಿ ಬರೆಯುತ್ತಾರೆ. ಹನುಮಂತಪ್ಪ ಅಲ್ಲಿ ಕುಲನಾಮವಾಗಿಬಿಡುತ್ತಾರೆ. ಮನುಷ್ಯ ನೋಡಿದರೆ ಒಂದೇ ಹೆಸರೆಂದು ತಿಳಿಯುತ್ತದೆ. ಹೋಲಿಸುವ ಯಂತ್ರಕ್ಕೆ ಮೂವರು ಕಾಣುತ್ತಾರೆ.

ನಾಲ್ಕನೆಯ ಬಾರಿ ಪ್ರಯತ್ನಿಸಬೇಡಿ. ಪದೇ ಪದೇ ವಿಫಲವಾದ ಖಾತೆಗಳನ್ನು ಕೆಲವೆಡೆ ತಾನಾಗಿಯೇ ಅನುಮಾನದ ಪಟ್ಟಿಗೆ ಸೇರಿಸುತ್ತಾರೆ. ತೆರಿಗೆ ಪ್ಯಾನ್ ಮೇಲೆಯೇ ದಾಖಲಾಗುವುದರಿಂದ ಪ್ಯಾನ್‌ನ ಹೆಸರನ್ನು ಮೂಲವಾಗಿ ಇಟ್ಟುಕೊಳ್ಳಿ. ಅದಕ್ಕೆ ತಕ್ಕಂತೆ ಆಧಾರ್ ತಿದ್ದಿಸಿ, ತಿದ್ದಿದ ಆಧಾರ್ ಹಿಡಿದು ಬ್ಯಾಂಕಿಗೆ ಹೋಗಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಹಾಗಾಗಿ ಕಾಗುಣಿತವನ್ನು ಕಾಗದದ ಮೇಲೆ ಬರೆದುಕೊಂಡೇ ಹೋಗಿ, ಬಾಯಲ್ಲಿ ಹೇಳಬೇಡಿ. ಪ್ಯಾನ್‌ನ ಕಾಗುಣಿತವೇ ತಪ್ಪಿದ್ದರೆ ಅದನ್ನೇ ಮೊದಲು ಸರಿಪಡಿಸಿಕೊಳ್ಳಿ. 'ನೂರೈವತ್ತು ಕೊಡಿ, ಹೊಂದಿಸಿ ಕೊಡುತ್ತೇನೆ' ಎನ್ನುವ ಅಂಗಡಿಯವರು ನಿಮ್ಮ ಕಾರ್ಡಿನ ಚಿತ್ರವನ್ನೇ ತಿದ್ದಿ ಹಾಕಬಹುದು. ಆಗ ಖೋಟಾ ದಾಖಲೆ ಕೊಟ್ಟವರು ನೀವಾಗುತ್ತೀರಿ.

ಖಾತೆ ಮುಚ್ಚಿ, ನನ್ನ ದಾಖಲೆಗಳನ್ನು ಅಳಿಸಿ ಎಂದು ಎಕ್ಸ್‌ಚೇಂಜ್‌ಗೆ ಬರೆದೆ. ಐದು ವರ್ಷ ಅಳಿಸಲಾಗದು ಎನ್ನುತ್ತಿದ್ದಾರೆ. ಖಾಸಗಿತನ ಮೂಲಭೂತ ಹಕ್ಕಲ್ಲವೇ? (ಚಳ್ಳಕೆರೆ)

ಹೌದು, ಮೂಲಭೂತ ಹಕ್ಕು. ಅದನ್ನು ಗೆದ್ದುಕೊಟ್ಟ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಅರ್ಜಿಯ ಮೇಲೆಯೇ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದ ತೀರ್ಪು ಕೊಟ್ಟರು. ಆದರೆ ಅದೇ ತೀರ್ಪು, ಕಾನೂನಿನ ಬಲ, ನ್ಯಾಯವಾದ ಉದ್ದೇಶ ಮತ್ತು ಉದ್ದೇಶಕ್ಕೆ ತಕ್ಕ ಪ್ರಮಾಣ ಇದ್ದರೆ ಈ ಹಕ್ಕಿಗೆ ಮಿತಿ ಹಾಕಬಹುದು ಎಂದೂ ಹೇಳಿದೆ.

ಎಕ್ಸ್‌ಚೇಂಜ್ ಹೇಳಿದ್ದು ನೆವವಲ್ಲ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಪ್ರಕಾರ ಖಾತೆ ಮುಚ್ಚಿದ ಮೇಲೂ ಗುರುತಿನ ದಾಖಲೆಗಳನ್ನು ಐದು ವರ್ಷ ಇಟ್ಟಿರಬೇಕು. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲೂ ಕ್ರಿಪ್ಟೊ ಎಕ್ಸ್‌ಚೇಂಜ್‌ಗಳಿಗೆ ಇದೇ ಐದು ವರ್ಷದ ಷರತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಳಿಸುವ ಹಕ್ಕು ಕೊಡುತ್ತದೆ, ಆದರೆ ಬೇರೊಂದು ಕಾನೂನು ಇಟ್ಟುಕೊಳ್ಳಬೇಕೆಂದರೆ ಆ ಹಕ್ಕು ಕಾಯಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಷ್ಟೇ ಹೊರಬಂದವು, ಮುಖ್ಯ ಭಾಗಗಳ ಜಾರಿಗೆ ಹದಿನೆಂಟು ತಿಂಗಳ ಗಡುವಿದೆ. ಸುರಕ್ಷತೆಯಲ್ಲಿ ಎಡವಿದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದೆಂಬುದು ಅದರಲ್ಲಿ ನನಗೆ ಮೆಚ್ಚುಗೆಯಾದ ಅಂಶ.

ನೀವು ಕೇಳಬಹುದಾದದ್ದು ಬೇರೆ ಇದೆ. ಜಾಹೀರಾತು ಸಂದೇಶಗಳಿಗೆ ನೀಡಿದ ಒಪ್ಪಿಗೆಯನ್ನು ಹಿಂಪಡೆಯುತ್ತೇನೆ, ಕಾನೂನು ಬಯಸದ ಮಾಹಿತಿಯನ್ನು ಈಗಲೇ ಅಳಿಸಿ, ಉಳಿದದ್ದನ್ನು ಅಳಿಸುವ ದಿನಾಂಕವನ್ನು ಲಿಖಿತವಾಗಿ ತಿಳಿಸಿ ಎಂದು ಕುಂದುಕೊರತೆ ಅಧಿಕಾರಿಗೆ ಇ-ಮೇಲ್ ಮಾಡಿ.

ಕೆವೈಸಿಯನ್ನೇ ಕೇಳದ ವಿದೇಶಿ ಎಕ್ಸ್‌ಚೇಂಜ್ ಇದೆಯಂತೆ. ವಿಪಿಎನ್ ಹಾಕಿಕೊಂಡು ಅಲ್ಲಿ ವ್ಯವಹರಿಸಿದರೆ ನನ್ನ ಗುರುತು ಗುಪ್ತವಾಗಿ ಉಳಿಯುತ್ತದೆ ಎಂದು ಸ್ನೇಹಿತ ಹೇಳುತ್ತಾನೆ. (ಹರಿಹರ)

ಬಿಟ್‌ಕಾಯಿನ್ ಅಂದರೆ ಗುಟ್ಟು ಎಂಬ ನಂಬಿಕೆಯೇ ತಲೆಕೆಳಗು. ಮಂಡಿಪೇಟೆಯ ದಲಾಲರೆಲ್ಲ ತಮ್ಮ ಕಿರ್ದಿ ಪುಸ್ತಕವನ್ನು ಬೀದಿಯಲ್ಲಿ ತೂಗುಹಾಕಿ, ಗಿರಾಕಿಗಳ ಹೆಸರಿನ ಬದಲು ಅಡ್ಡಹೆಸರು ಬರೆದಿದ್ದಾರೆ ಎಂದುಕೊಳ್ಳಿ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬುದನ್ನು ದಾರಿಹೋಕರೂ ಓದಬಹುದು. ನಿಮ್ಮ ಅಡ್ಡಹೆಸರು ಒಬ್ಬರಿಗೆ ತಿಳಿಯಿತೋ, ಅದರಲ್ಲಿ ಬರೆದ ಹಿಂದಿನ ಸಾಲುಗಳೆಲ್ಲ ನಿಮ್ಮ ಹೆಸರಿಗೆ ಬಂದವು. ಬಿಟ್‌ಕಾಯಿನ್‌ನ ಅಂಥ ಬಹಿರಂಗ ಪುಸ್ತಕ 2009ರ ಜನವರಿಯಿಂದ ಒಂದು ಸಾಲೂ ಅಳಿಯದೆ ಉಳಿದಿದೆ. ವಿಪಿಎನ್ ನಿಮ್ಮ ಐಪಿ ವಿಳಾಸ ಮರೆಸೀತು, ಪುಸ್ತಕದ ಸಾಲನ್ನಲ್ಲ. ಕೊನೆಗೆ ಆ ಹಣ ರೂಪಾಯಿಯಾಗಿ ಹರಿಹರದ ನಿಮ್ಮ ಬ್ಯಾಂಕಿಗೇ ಬರಬೇಕಲ್ಲ?

ಕೆವೈಸಿ ಕೇಳದವರೂ ಎಂದೋ ಒಂದು ದಿನ ಕೇಳುತ್ತಾರೆ. ಬೈನಾನ್ಸ್ 2021ರ ಆಗಸ್ಟ್‌ನಲ್ಲಿ, ಕುಕಾಯಿನ್ 2023ರ ಜುಲೈನಲ್ಲಿ ಗುರುತು ಕಡ್ಡಾಯ ಮಾಡಿದವು. 2023ರ ಡಿಸೆಂಬರ್‌ನಲ್ಲಿ ಎಫ್‌ಐಯು ಇವೆರಡೂ ಸೇರಿ ಒಂಬತ್ತು ವಿದೇಶಿ ಸಂಸ್ಥೆಗಳಿಗೆ ನೋಟಿಸ್ ಕೊಟ್ಟು, ಅವುಗಳ ಜಾಲತಾಣಗಳನ್ನು ಇಲ್ಲಿ ತಡೆಯುವಂತೆ ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ ಬರೆಯಿತು. ಆಮೇಲೆ ಕುಕಾಯಿನ್ 34.5 ಲಕ್ಷ, ಬೈನಾನ್ಸ್ 18.82 ಕೋಟಿ ರೂಪಾಯಿ ದಂಡಕ್ಕೆ ಗುರಿಯಾದವು, ಎರಡೂ ಇಲ್ಲಿ ನೋಂದಾಯಿಸಿಕೊಂಡವು. ತಡೆ ಬಿದ್ದ ಆ ದಿನಗಳಲ್ಲಿ ಹಣ ಅಲ್ಲೇ ಇಟ್ಟಿದ್ದವರು ಎಷ್ಟು ಗಾಬರಿಯಾಗಿದ್ದರೆಂದು ನನಗೆ ಬಂದ ಕರೆಗಳಿಂದ ಗೊತ್ತು. ಒಳಗೆ ಬಿಡುವಾಗ ಏನೂ ಕೇಳದ ಅನಾಮಿಕ ಸಂಸ್ಥೆ, ಹಣ ಹಿಂಪಡೆಯುವ ದಿನ ಪಾಸ್‌ಪೋರ್ಟ್ ಕೇಳಿ ಕುಳಿತರೆ ನೀವು ದೂರು ಕೊಡುವುದು ಯಾರಿಗೆ?

ತೆರಿಗೆಯ ಮಾತೂ ಇದೆ. ಇಲ್ಲಿನ ಎಕ್ಸ್‌ಚೇಂಜ್ ಶೇ 1ರ ಟಿಡಿಎಸ್ ಮುರಿದುಕೊಂಡು ನಿಮ್ಮ ಪ್ಯಾನ್‌ಗೆ ಜಮೆ ಮಾಡುತ್ತದೆ. ಅಲ್ಲಿ ಮುರಿಯುವವರಿಲ್ಲ, ಹಾಗೆಂದು ಶೇ 30ರ ತೆರಿಗೆ ತಪ್ಪುವುದಿಲ್ಲ.

ದಾವಣಗೆರೆಯಲ್ಲಿ ಓದುತ್ತಿರುವ ಮಗ, ಪರಿಚಯದವನೊಬ್ಬ ಐದು ಸಾವಿರ ಕೊಟ್ಟನೆಂದು ತನ್ನ ಪ್ಯಾನ್, ಆಧಾರ್, ಮುಖದ ಸೆಲ್ಫಿಯಿಂದ ಕ್ರಿಪ್ಟೊ ಖಾತೆ ತೆರೆದು ಅವನಿಗೆ ಬಿಟ್ಟುಕೊಟ್ಟಿದ್ದಾನೆ. ಈಗ ಮಗನ ಬ್ಯಾಂಕ್ ಖಾತೆ ಫ್ರೀಜ್ ಆಗಿದೆ. ನಾನು ನಿವೃತ್ತ ಶಿಕ್ಷಕ, ದಿಕ್ಕು ತೋಚುತ್ತಿಲ್ಲ. (ಚಿತ್ರದುರ್ಗ)

ಮೇಷ್ಟ್ರೇ, ಇದನ್ನು ಬೈಗುಳದಲ್ಲಿ ಕಳೆಯುವಷ್ಟು ಸಮಯವಿಲ್ಲ. ನಡೆದಿರುವುದು ಬಹುಶಃ ಇಷ್ಟು: ಎಲ್ಲೋ ಯಾರನ್ನೋ ವಂಚಿಸಿದ ಹಣ ನಿಮ್ಮ ಮಗನ ಬ್ಯಾಂಕ್ ಖಾತೆಗೆ ಬಂದು, ಅವನ ಹೆಸರಿನ ಕ್ರಿಪ್ಟೊ ಖಾತೆಯಲ್ಲಿ ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಎಂಬ ಕ್ರಿಪ್ಟೊ ಆಗಿ, ಬೇರೊಂದು ವಾಲೆಟ್‌ಗೆ, ಅಂದರೆ ಕ್ರಿಪ್ಟೊ ಇಡುವ ಡಿಜಿಟಲ್ ಚೀಲಕ್ಕೆ, ಹಾರಿಹೋಗಿದೆ. ದೂರು ಕೊಟ್ಟವರ ಹಣದ ಜಾಡು ಹಿಡಿದು ಹೊರಟ ಪೊಲೀಸರಿಗೆ ಸಿಕ್ಕಿದ ಕೊನೆಯ ಹೆಸರು ಅವನದು. ಸೆಲ್ಫಿಯಲ್ಲಿ ಕಣ್ಣು ಮಿಟುಕಿಸಿದವನೂ ಅವನೇ.

ಮೊದಲು ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ಮೂರು ವಿವರ ಪಡೆಯಿರಿ: ಯಾವ ರಾಜ್ಯದ ಯಾವ ಠಾಣೆಯ ಸೂಚನೆ, ದೂರಿನ ಸಂಖ್ಯೆ ಏನು, ವಿವಾದಿತ ಮೊತ್ತ ಎಷ್ಟು. ವಿವಾದದ ಮೊತ್ತವನ್ನಷ್ಟೇ ತಡೆಹಿಡಿದು ಉಳಿದದ್ದನ್ನು ಬಿಡಿ ಎಂದು ಆ ತನಿಖಾಧಿಕಾರಿಗೆ ಕೇಳಬಹುದು, ಒಪ್ಪದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯವಿದೆ. ಅದಕ್ಕೂ ಮುನ್ನ ವಕೀಲರನ್ನು ಜೊತೆಗಿಟ್ಟುಕೊಳ್ಳಿ. ಹಣ ಪಡೆದು ಖಾತೆ ಕೊಟ್ಟಿರುವುದರಿಂದ ನಿಮ್ಮ ಮಗ ಬರಿಯ ಸಾಕ್ಷಿಯಾಗಿ ಉಳಿಯುತ್ತಾನೆಂದು ನಾನು ಭರವಸೆ ಕೊಡಲಾರೆ. ತಿಳಿದೂ ನೆರವಾದನೇ, ತಿಳಿಯದೆ ಸಿಕ್ಕಿಬಿದ್ದನೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅದೇ ದಿನ ಎಕ್ಸ್‌ಚೇಂಜ್‌ಗೆ ಇ-ಮೇಲ್ ಕಳುಹಿಸಿ ಖಾತೆಯನ್ನು ತಡೆಹಿಡಿಯಲು ಹೇಳಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ನೀವೇ ದೂರು ದಾಖಲಿಸಿ. ಹುಡುಕಿಕೊಂಡು ಬರುವ ಮೊದಲು ತಾವಾಗಿ ಹೋದವರ ಮಾತಿಗೆ ತೂಕ ಹೆಚ್ಚು. ಮಗನ ಹೆಸರಿನಲ್ಲಿ ಬೇರೆ ಸಿಮ್, ಬೇರೆ ಬ್ಯಾಂಕ್ ಖಾತೆ ತೆರೆದಿದ್ದಾರೆಯೇ ಎಂದೂ ನೋಡಿ. ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಕಳೆದ ಆರು ತಿಂಗಳ ಇತಿಹಾಸ ಯುಐಡಿಎಐ ಜಾಲತಾಣದಲ್ಲಿ ಸಿಗುತ್ತದೆ, ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವೂ ಅಲ್ಲೇ ಇದೆ.

ಇನ್ನೊಂದು ಮಾತು, ಇವತ್ತೇ ಹೇಳಬೇಕಾದದ್ದು. ಹೆದರಿದ ಹುಡುಗರು ಮೊದಲು ಮಾಡುವ ಕೆಲಸ ಆ ಪರಿಚಯದವನ ಜೊತೆಗಿನ ಸಂದೇಶಗಳನ್ನೆಲ್ಲ ಅಳಿಸಿಹಾಕುವುದು. ಮಗನ ಫೋನ್ ಈಗಲೇ ನಿಮ್ಮ ಕೈಗೆ ತೆಗೆದುಕೊಳ್ಳಿ. ಐದು ಸಾವಿರ ಕೊಟ್ಟವನು ಯಾರು, ಏನು ಹೇಳಿ ನಂಬಿಸಿದ ಎಂಬುದಕ್ಕೆ ಮಗನ ಬಳಿ ಇರುವ ಸಾಕ್ಷಿ ಅದೊಂದೇ.