ಅಪ್ಪನಿಗೆ ಮತ್ತೆ ಉರಿಮೂತ್ರ. ಹೋದ ಸಲದ ಮಾತ್ರೆ ಉಳಿದಿದೆ, ಅದನ್ನೇ ಕೊಡಲಾ, ಇನ್ನೂ ಸ್ಟ್ರಾಂಗ್ ಮಾತ್ರೆ ತರಲಾ?

ಎರಡೂ ಬೇಡ. ಇದನ್ನೇ ಮಾಡಿ ನಾನು ಅಪ್ಪನನ್ನು ಹನ್ನೊಂದು ದಿನ ಬಳ್ಳಾರಿಯ ಆಸ್ಪತ್ರೆಯಲ್ಲಿ ಮಲಗಿಸಿದೆ.

ನಮ್ಮದು ಸಿರುಗುಪ್ಪ ಹತ್ತಿರದ ಹಳ್ಳಿ. ಅಪ್ಪನಿಗೆ ಶುಗರ್ ಇದೆ. ಮೊದಲ ಸಲ ಉರಿ, ಜ್ವರ ಬಂದಾಗ ಡಾಕ್ಟರ್ ಏಳು ದಿನದ ಆಂಟಿಬಯೋಟಿಕ್, ಅಂದರೆ ಕ್ರಿಮಿ ಕೊಲ್ಲುವ ಮಾತ್ರೆ, ಬರೆದುಕೊಟ್ಟರು. ಮೂರನೇ ದಿನ ಜ್ವರ ಇಳಿಯಿತು. ಭತ್ತದ ನಾಟಿ ಸಮಯ. ಮಾತ್ರೆ ಉಷ್ಣ ಅಂತ ಬಿಟ್ಟು ಅಪ್ಪ ಗದ್ದೆಗೆ ಹೊರಟರು, ನಾನೂ ಸುಮ್ನಾದೆ.

ನನ್ನ ದೊಡ್ಡ ತಪ್ಪು ಅದಾದ ಮೇಲಿನದು. ಆ ಚೀಟಿಯ ಫೋಟೋ ಫೋನಿನಲ್ಲಿತ್ತು. ಎರಡು ತಿಂಗಳಿಗೆ ಮತ್ತೆ ಉರಿ. ಉಳಿದಿದ್ದ ಮಾತ್ರೆ ಕೊಟ್ಟೆ. ಅದು ಮುಗಿದ ಮೇಲೆ ಮೆಡಿಕಲ್ ಶಾಪಿನಲ್ಲಿ ಫೋಟೋ ತೋರಿಸಿ ತಂದೆ. ವರ್ಷದಲ್ಲಿ ನಾಲ್ಕು ಸಲ ಹೀಗೇ, ಪ್ರತಿ ಸಲ ಎರಡು ದಿನಕ್ಕಾಗುವಷ್ಟು. ಡಾಕ್ಟರ್ ಹೇಳದೆ ತಿನ್ನಬಾರದು ಅಂತ ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇರುತ್ತದಲ್ವಾ, ಆ ಗೆರೆಯನ್ನೇ ಕತ್ತರಿಸಿ ಅಂಗಡಿಯವನು ನಾಲ್ಕು ಮಾತ್ರೆ ಕೊಡುತ್ತಿದ್ದ. ನಾನು ಕೇಳಿದ್ದಕ್ಕೇ ಕೊಡುತ್ತಿದ್ದ. ಮೂತ್ರದಲ್ಲಿರುವ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ಅದು ಯಾವುದು, ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಕಲ್ಚರ್ ಟೆಸ್ಟ್ ಒಂದು ಸಲವೂ ಮಾಡಿಸಲಿಲ್ಲ. ಎರಡನೇ ಸಲವೇ ಮಾಡಿಸಿದ್ದರೆ ನುಂಗುವ ಮಾತ್ರೆಯಲ್ಲೇ ಮುಗಿಯುತ್ತಿತ್ತೇನೋ. ಈ ಸಂಕಟ ಇನ್ನೂ ಹೋಗಿಲ್ಲ.

ಐದನೇ ಸಲ ಅಪ್ಪ ಚಳಿಗೆ ಗಡಗಡ ನಡುಗಿದರು, ಮಾತು ತೊದಲಿತು. ಬಳ್ಳಾರಿಯಲ್ಲಿ ಮೊದಲು ಸ್ಯಾಂಪಲ್ ತೆಗೆದು ಆಮೇಲೆ ಇಂಜೆಕ್ಷನ್ ಶುರು ಮಾಡಿದರು. ಮೂರನೇ ದಿನ ರಿಪೋರ್ಟ್ ಬಂತು. ಕ್ರಿಮಿಯ ಹೆಸರು ಇ. ಕೋಲೈ. ಸಾಲಾಗಿ ಔಷಧಿಗಳ ಹೆಸರು, ಪಕ್ಕದಲ್ಲಿ ಒಂದೊಂದು ಅಕ್ಷರ. ಸಿಪ್ರೊಫ್ಲಾಕ್ಸಾಸಿನ್, ಆರ್. ಸೆಫಿಕ್ಸಿಮ್, ಆರ್. ಆರ್ ಅಂದರೆ ರೆಸಿಸ್ಟೆಂಟ್, ಅದು ಕೆಲಸ ಮಾಡಲ್ಲ. ಬೆರಳಿಟ್ಟು ಕೆಳಗಿಳಿಯುತ್ತಾ ಹೋದೆ. ನಾಟುತ್ತದೆ ಅನ್ನುವ ಎಸ್ ಸಿಕ್ಕಿದ್ದು ತೀರಾ ಕೆಳಗೆ, ಮೆರೊಪೆನೆಮ್ ಮುಂದೆ. ಎಂಟು ಗಂಟೆಗೊಮ್ಮೆ ನರಕ್ಕೆ ಕೊಡುವ ಇಂಜೆಕ್ಷನ್.

'ಮೈಗೆ ಮಾತ್ರೆ ಒಗ್ಗಿಹೋಗಿದೆ' ಅಂತಾರೆ ನಮ್ಮ ಕಡೆ. ಹಾಗಲ್ಲ. ಬದಲಾಗಿದ್ದು ಅಪ್ಪನ ಮೈಯಲ್ಲ, ಕ್ರಿಮಿ. ಅರೆಬರೆ ಔಷಧಿಗೆ ಬಡಪಾಯಿ ಕ್ರಿಮಿಗಳು ಸಾಯುತ್ತವೆ, ಗಟ್ಟಿಯವು ಉಳಿದು ಹೆಚ್ಚುತ್ತವೆ. ಒಂದೇ ಔಷಧಿ ಹೊಡೆದೂ ಹೊಡೆದೂ ಗದ್ದೆಯ ಹುಳ ಬಗ್ಗದಂತಾಗುವುದೂ ಹೀಗೇ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು: ಅಂಗಡಿಯಲ್ಲಿ ಕೊಂಡು ಕಮ್ಮಿ ಡೋಸ್ ತಿಂದರೆ ಕ್ರಿಮಿಗಳು ಔಷಧಿಗೆ ಜಗ್ಗದಂತಾಗುತ್ತವೆ ಅಂತ.

ಅದಕ್ಕೇ 'ಸ್ಟ್ರಾಂಗ್ ಯಾವುದು' ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಆ ಕ್ರಿಮಿಗೆ ನಾಟುವುದು, ನಾಟದ್ದು, ಇರುವುದು ಇಷ್ಟೇ. ಇವತ್ತೇ ಅಪ್ಪನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಮಾತ್ರೆಗೂ ಮೊದಲು ಸ್ಯಾಂಪಲ್ ಕೊಡಿ. ಮೊದಲೇ ಮಾತ್ರೆ ನುಂಗಿದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಹೋದ ಸಲ ಯಾವ ಮಾತ್ರೆ, ಎಷ್ಟು ದಿನ ತಿಂದರು, ಮುಚ್ಚಿಡದೆ ಹೇಳಿ. ಚಳಿಜ್ವರ ಇದ್ದರೆ ರಿಪೋರ್ಟಿಗಾಗಿ ಮನೆಯಲ್ಲಿ ಕಾಯಬೇಡಿ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.