ಬೋಸ್ಟನ್ ಸೀಟು, ಗ್ರೀಸ್‌ನಲ್ಲಿ ಮೊದಲ ಸೆಮಿಸ್ಟರ್

ಓದುಗರ ಪತ್ರ: ನಾವು ಡಲ್ಲಾಸ್ ಹತ್ತಿರದ ಫ್ರಿಸ್ಕೊದಲ್ಲಿದ್ದೇವೆ. ಊರು ಹಾಸನದ ಕಡೆ. ಮಗಳು ಈ ವರ್ಷ ಹೈಸ್ಕೂಲು ಮುಗಿಸುತ್ತಾಳೆ. ಕಂಪ್ಯೂಟರ್ ಸೈನ್ಸ್ ಓದಬೇಕೆಂದು ಬೋಸ್ಟನ್‌ನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಳು. ಸೀಟೇನೋ ಸಿಕ್ಕಿದೆ, ಆದರೆ ಎನ್.ಯು.ಇನ್ ಎಂಬ ಬೇರೆ ದಾರಿಯಲ್ಲಿ. ಮೊದಲ ಸೆಮಿಸ್ಟರ್ ಗ್ರೀಸ್‌ನ ಥೆಸಲೊನಿಕಿಯಲ್ಲಿ ಓದಬೇಕು, ಜನವರಿಯಲ್ಲಿ ಬೋಸ್ಟನ್‌ಗೆ ಬರಬೇಕು. ಇಲ್ಲಿ ಟೆಕ್ಸಾಸ್ ಯೂನಿವರ್ಸಿಟಿಯ ಶಾಖೆಯಾದ ಯುಟಿ ಡಲ್ಲಾಸ್‌ನಲ್ಲಿ ರಾಜ್ಯದವರಿಗಿರುವ ಕಡಿಮೆ ಇನ್-ಸ್ಟೇಟ್ ಫೀಗೆ ನೇರ ಸೀಟಿದೆ. ಮಗಳು ಗ್ರೀಸ್ ಅಂತ ಕುಣಿಯುತ್ತಿದ್ದಾಳೆ. ನಮ್ಮನೆಯವರು ‘ಇದು ಹಿಂಬಾಗಿಲ ಸೀಟು, ಸುಮ್ನೆ ದುಡ್ಡು ದಂಡ’ ಅಂತಾರೆ. ಹುಡುಗಿ ಒಬ್ಬಳೇ ಅಷ್ಟು ದೂರ ಅನ್ನೋ ಹೆದರಿಕೆ ನನಗೂ ಇದೆ. ಮೇ 1ರೊಳಗೆ ಹೇಳಬೇಕು. ಅಂದ ಹಾಗೆ, ಅವಳು ಮೂರು ವರ್ಷದವಳಿದ್ದಾಗ ಬಂದವಳು, ಈಗಲೂ ಎಚ್-4 (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವ ವೀಸಾ). ಪಾಸ್‌ಪೋರ್ಟಿನ ವೀಸಾ ಸ್ಟಾಂಪು ಮುಗಿದಿದೆ, ಇಲ್ಲಿರಲು ಅನುಮತಿ ಕೊಡುವ ಐ-797 ಪತ್ರ ಚಾಲ್ತಿಯಲ್ಲಿದೆ. ಗ್ರೀನ್ ಕಾರ್ಡ್ ಸಾಲಿನಲ್ಲಿದ್ದೇವೆ.
— ಹೆಸರು ಬೇಡ ಎಂದ ಓದುಗರು

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ‘ಅಂದ ಹಾಗೆ’ ಅಂತ ಕೊನೆಯಲ್ಲಿ ಸೇರಿಸಿದ ಸಾಲುಗಳು. ಅಲ್ಲಿಗೆ ಬರುತ್ತೇನೆ. ಅದಕ್ಕೂ ಮೊದಲು ನಿಮ್ಮ ಯಜಮಾನರ ಮಾತಿಗೆ ಉತ್ತರ ಹೇಳಿಬಿಡೋಣ.

ಇದು ಹಿಂಬಾಗಿಲ ಸೀಟಲ್ಲ. ಎನ್.ಯು.ಇನ್ 2007ರಿಂದ ನಡೆಯುತ್ತಿದೆ. ಜನವರಿಯಲ್ಲಿ ಬೋಸ್ಟನ್‌ಗೆ ಬಂದವಳಿಗೂ ಸೆಪ್ಟೆಂಬರ್‌ನಲ್ಲಿ ಬಂದವಳಿಗೂ ಕೊನೆಗೆ ಸಿಗುವುದು ಒಂದೇ ಡಿಗ್ರಿ. ಕಾಲೇಜುಗಳು ಹೀಗೆ ಮಾಡುವುದಕ್ಕೆ ಒಂದು ಸರಳ ಲೆಕ್ಕವಿದೆ. ಡಿಸೆಂಬರ್ ಹೊತ್ತಿಗೆ ಕೆಲವರು ಓದು ಮುಗಿಸುತ್ತಾರೆ, ಕೆಲವರು ಬಿಟ್ಟುಹೋಗುತ್ತಾರೆ, ಮೂರನೇ ವರ್ಷದ ಎಷ್ಟೋ ಮಕ್ಕಳು ಒಂದು ಸೆಮಿಸ್ಟರ್‌ಗೆ ವಿದೇಶಕ್ಕೆ ಹೋಗುತ್ತಾರೆ. ಜನವರಿಯಲ್ಲಿ ಡಾರ್ಮ್‌ನ ಮಂಚಗಳು ಖಾಲಿ ಬೀಳುತ್ತವೆ. ಅವನ್ನು ತುಂಬಲು ಮಕ್ಕಳು ಬೇಕು. ಇನ್ನೊಂದು ಅನುಕೂಲವೂ ಇದೆ. ಪ್ರವೇಶದ ಅಂಕಿಅಂಶ ಪ್ರಕಟಿಸುವಾಗ ಹೆಚ್ಚಾಗಿ ಸೆಪ್ಟೆಂಬರ್‌ನಲ್ಲಿ ಕ್ಯಾಂಪಸ್ಸಿಗೆ ಕಾಲಿಟ್ಟವರದ್ದೇ ಲೆಕ್ಕ. ನೂರಕ್ಕೆ ಹತ್ತು ಜನರನ್ನೂ ತೆಗೆದುಕೊಳ್ಳದ ಕಾಲೇಜು ಅನ್ನಿಸಿಕೊಳ್ಳಲು ಈ ಪಕ್ಕದ ದಾರಿ ಸಹಾಯ ಮಾಡುತ್ತದೆ. ಇದರಲ್ಲಿ ಮೋಸ ಏನಿಲ್ಲ, ವ್ಯಾಪಾರ ಇದೆ.

ನಾರ್ತ್‌ಈಸ್ಟರ್ನ್ ಒಂದೇ ಅಲ್ಲ. ನ್ಯೂಯಾರ್ಕ್ ಯೂನಿವರ್ಸಿಟಿ ಕೆಲವರನ್ನು ಮೊದಲ ವರ್ಷಕ್ಕೆ ಲಂಡನ್‌ಗೋ ಫ್ಲಾರೆನ್ಸ್‌ಗೋ ಕಳಿಸುತ್ತದೆ. ವರ್ಮಾಂಟ್‌ನ ಮಿಡಲ್‌ಬರಿ ಕಾಲೇಜಿನಲ್ಲಿ ಫೆಬ್ರವರಿಗೆ ಸೇರುವ ಮಕ್ಕಳದ್ದೇ ಒಂದು ಬಳಗ. ಅವರು ಓದು ಮುಗಿದ ದಿನ ಕಪ್ಪು ಗೌನು ತೊಟ್ಟು ಹಿಮದ ಗುಡ್ಡದಿಂದ ಸ್ಕೀ ಮಾಡುತ್ತಾ ಇಳಿದು ಬರುತ್ತಾರೆ. ತಡವಾಗಿ ಬಂದದ್ದನ್ನೇ ಹೆಮ್ಮೆ ಮಾಡಿಕೊಂಡ ಜನ.

ಇನ್ನು ‘ಸಿಕ್ಕ ಸೀಟು ಬಿಡಬಾರದು’ ಅನ್ನೋ ಭಯ. ನೀವು ಸಿಇಟಿ ಬರೆದು ಬಂದ ತಲೆಮಾರಿನವರು ಅಂದುಕೊಂಡಿದ್ದೇನೆ. ಮಲ್ಲೇಶ್ವರದ ಕೌನ್ಸೆಲಿಂಗ್‌ನಲ್ಲಿ ರ‍್ಯಾಂಕ್ ಕೂಗುವ ಹೊತ್ತಿಗೆ ಪರದೆಯ ಮೇಲೆ ಒಂದೊಂದೇ ಕಾಲೇಜು ಖಾಲಿಯಾಗುವುದನ್ನು ನೋಡಿದವರಿಗೆ ಆ ಭಯ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆದರೆ ನಿಮ್ಮ ಮಗಳ ಕೈಯಲ್ಲಿ ಈಗಾಗಲೇ ಎರಡು ಸೀಟಿವೆ. ಯುಟಿ ಡಲ್ಲಾಸ್ ಅಂದರೆ ಕಮ್ಮಿ ಅಂದುಕೊಳ್ಳಬೇಡಿ. ಅದರ ಬೀಜ ಹಾಕಿದವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಟ್ಟಿದ ಜನ. ಅದೇ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದ ಮೇಲೆ ತಾನೇ ನಮ್ಮೂರಿನಲ್ಲಿ ಚಿಪ್ ಡಿಸೈನಿನ ಕೆಲಸ ಬೇರೂರಿದ್ದು. ಕಷ್ಟ ಏನೆಂದರೆ ಕಾಲೇಜುಗಳ ಉತ್ತರ ಬರುವುದೂ ಯುಗಾದಿ ಬರುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಸಂಘದ ಕಾರ್ಯಕ್ರಮದಲ್ಲಿ ಬೇವು ಬೆಲ್ಲದ ಜೊತೆ ‘ನಿಮ್ಮವಳಿಗೆ ಎಲ್ಲಿ ಸಿಕ್ತು?’ ಅನ್ನೋ ಪ್ರಶ್ನೆಯೂ ಬಂದೇ ಬರುತ್ತದೆ. ಬೋಸ್ಟನ್ ಅನ್ನುವುದಕ್ಕೂ ಯುಟಿ ಡಲ್ಲಾಸ್ ಇರುವ ರಿಚರ್ಡ್‌ಸನ್ ಅನ್ನುವುದಕ್ಕೂ ಕೇಳಿದವರ ಮುಖದಲ್ಲಿ ವ್ಯತ್ಯಾಸ ಕಾಣುತ್ತದೆ. ಆ ವ್ಯತ್ಯಾಸಕ್ಕೆ ನಾಲ್ಕು ವರ್ಷ ಬೆಲೆ ಕಟ್ಟುವವರು ನೀವು.

ಈಗ ನಿಮ್ಮ ‘ಅಂದ ಹಾಗೆ’ಗೆ ಬರೋಣ.

ವಿದೇಶದಲ್ಲಿ ಶುರುವಾಗುವ ಇಂಥ ಆಫರ್‌ಗಳ ಪುಸ್ತಿಕೆ ಅಮೆರಿಕದ ಪಾಸ್‌ಪೋರ್ಟ್ ಇರುವ ಮಗುವನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಆ ಮಗು ಡಿಸೆಂಬರ್‌ನಲ್ಲಿ ವಿಮಾನ ಹತ್ತಿ ವಾಪಸ್ ಬರುತ್ತದೆ, ಮುಗಿಯಿತು. ನಿಮ್ಮ ಮಗಳಿಗೆ ಹಾಗಲ್ಲ. ಸ್ಟಾಂಪು ಮುಗಿದಿದ್ದರೂ ಐ-797 ಇರುವವರೆಗೆ ಅವಳು ಇಲ್ಲಿ ನಿಶ್ಚಿಂತೆಯಿಂದ ಇರಬಹುದು. ಒಮ್ಮೆ ದೇಶ ಬಿಟ್ಟರೆ ಮತ್ತೆ ಒಳಗೆ ಬರಲು ಹೊಸ ಸ್ಟಾಂಪು ಬೇಕೇ ಬೇಕು. ಹೋಗಲಿ, ಥೆಸಲೊನಿಕಿಯ ಬದಲು ಕೆನಡಾ ಕೇಳೋಣ ಅಂದರೆ ಅದೂ ಆಗದು. ಕೆನಡಾ, ಮೆಕ್ಸಿಕೊಗೆ ಹೋಗಿ ಹಳೆಯ ಸ್ಟಾಂಪಿನಲ್ಲೇ ಮರಳುವ ಸವಲತ್ತು 30 ದಿನದೊಳಗಿನ ಪ್ರವಾಸಕ್ಕೆ ಮಾತ್ರ. ಒಂದು ಸೆಮಿಸ್ಟರ್‌ಗೆ ಅದು ಸಾಲದು.

ಗ್ರೀಸ್‌ನಲ್ಲೇ ಸ್ಟಾಂಪಿಂಗ್ ಮಾಡಿಸಬಹುದಲ್ವಾ ಅಂತ ಯಾರಾದರೂ ಹೇಳಬಹುದು. ಮೊದಲೆಲ್ಲ ನಮ್ಮವರು ಹಾಗೆ ಬೇರೆ ದೇಶಗಳಲ್ಲಿ ಮಾಡಿಸಿಕೊಳ್ಳುತ್ತಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ನಿಯಮ ಬಿಗಿ ಮಾಡಿತು. ತಮ್ಮ ಸ್ವಂತ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲೇ ಇಂಟರ್‌ವ್ಯೂಗೆ ಹೋಗಬೇಕು ಅಂದಿತು. ಹಾಗಾದರೆ ಉಳಿಯುವುದು ಭಾರತ. ಅದೇ ವರ್ಷದ ಡಿಸೆಂಬರ್‌ನಲ್ಲಿ ಎಚ್-1ಬಿ, ಎಚ್-4 ಅರ್ಜಿಗಳಿಗೂ ಸೋಷಿಯಲ್ ಮೀಡಿಯಾ ಪರಿಶೀಲನೆ ಬಂತು. ಸ್ಟಾಂಪಿಂಗ್‌ಗೆಂದು ಊರಿಗೆ ಹೋದ ಎಷ್ಟೋ ಜನರ ಅಪಾಯಿಂಟ್‌ಮೆಂಟ್ ತಿಂಗಳುಗಟ್ಟಲೆ ಮುಂದೆ ಹೋಯಿತು. ಕೆಲಸ ಇಲ್ಲಿ, ಅವರು ಅಲ್ಲಿ. ನಿಮ್ಮ ಪರಿಚಯದಲ್ಲೂ ಒಬ್ಬರಾದರೂ ಇರುತ್ತಾರೆ. ಜನವರಿ ಮೊದಲ ವಾರ ಬೋಸ್ಟನ್‌ನಲ್ಲಿ ಕ್ಲಾಸು ಶುರುವಾಗುವಾಗ ನಿಮ್ಮ ಮಗಳು ಹಾಸನದ ಅಜ್ಜಿ ಮನೆಯಲ್ಲಿ ಪಾಸ್‌ಪೋರ್ಟ್ ಕಾಯುತ್ತಾ ಕೂತಿದ್ದರೆ? ಮೊದಲು ಯೋಚಿಸಬೇಕಾದ್ದು ಇದು.

ಹೋಗುವಾಗಿನ ವೀಸಾ ಕೂಡ ಇದೆ. ಅವಳ ಅಮೆರಿಕನ್ ಗೆಳತಿಯರು 90 ದಿನದವರೆಗೆ ಸುಮ್ನೆ ಹೋಗಿ ಇಳಿಯಬಹುದು. ಭಾರತದ ಪಾಸ್‌ಪೋರ್ಟಿಗೆ ಒಂದು ದಿನಕ್ಕೂ ವೀಸಾ ಬೇಕು. 90 ದಿನ ದಾಟಿದರೆ ಗ್ರೀಸ್‌ನ ದೀರ್ಘಾವಧಿ ವೀಸಾವೇ ಆಗಬೇಕು.

ಎಚ್-4 ಬಿಟ್ಟು ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬರುವ ದಾರಿ ಒಂದಿದೆ. ನಿಜ ಹೇಳಬೇಕೆಂದರೆ ಅವಳಿಗೆ ಎಂದಾದರೂ ಎಫ್-1 ಬೇಕಾಗಿಯೇ ಬೇಕಾಗುತ್ತದೆ. 21 ತುಂಬಿದರೆ ಎಚ್-4 ಮುಗಿಯಿತು. ಅಷ್ಟರೊಳಗೆ ನಿಮ್ಮ ಸಾಲು ಸರಿಯುತ್ತದೆ ಅಂತ ಭಾರತೀಯರ್ಯಾರೂ ನಂಬಿ ಕೂರುವಂತಿಲ್ಲ. ಬೇಸಿಗೆಯಲ್ಲೇ ಊರಿಗೆ ಹೋಗಿ, ಕಾಲೇಜು ಕೊಡುವ ಜನವರಿಯ ಐ-20 ಪತ್ರ ತೋರಿಸಿ ಎಫ್-1 ಸ್ಟಾಂಪ್ ಮಾಡಿಸಿಕೊಂಡು, ಅಲ್ಲಿಂದ ಗ್ರೀಸ್‌ಗೆ ಹೋದರೆ ಕಾಗದದ ಮೇಲೆ ಸರಿಹೋಗುತ್ತದೆ. ಆದರೆ ಕಾಲೇಜು ಜನವರಿಯ ಐ-20ಯನ್ನು ಜೂನ್‌ನಲ್ಲೇ ಕೊಡುತ್ತದಾ? ಅದೇ ಬೇಸಿಗೆಯಲ್ಲಿ ಗ್ರೀಸ್ ವೀಸಾಕ್ಕೂ ಪಾಸ್‌ಪೋರ್ಟ್ ಕೊಡಬೇಕಲ್ಲ, ಎರಡಕ್ಕೂ ಸಮಯ ಸಾಕಾಗುತ್ತದಾ? ಇಲ್ಲೇ ಕೂತು ಎಚ್-4ರಿಂದ ಎಫ್-1ಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಿ, ಅದು ಬಾಕಿ ಇರುವಾಗಲೇ ವಿಮಾನ ಹತ್ತಿದರೆ ಆ ಅರ್ಜಿ ಬಿದ್ದುಹೋಗುತ್ತದೆ. ಅದಂತೂ ಬೇಡ.

ಇನ್ನೂ ಒಂದು ಸಂಗತಿ ಇದೆ. ಗ್ರೀಸ್ ಇಲ್ಲದಿದ್ದರೂ ಇದನ್ನು ಕೇಳಲೇಬೇಕಿತ್ತು. ನಾರ್ತ್‌ಈಸ್ಟರ್ನ್‌ಗೆ ಮಕ್ಕಳು ಮುಗಿಬೀಳುವುದು ಕೋ-ಆಪ್‌ಗಾಗಿ. ಓದಿನ ನಡುವೆ ಆರಾರು ತಿಂಗಳು ಸಂಬಳಕ್ಕೆ ಕಂಪನಿಯಲ್ಲಿ ಕೆಲಸ. 1909ರಿಂದ ಬಂದ ಪದ್ಧತಿ ಅದು. ಎಚ್-4ರಲ್ಲಿರುವ ಮಗು ಒಂದು ಡಾಲರ್‌ಗೂ ದುಡಿಯುವಂತಿಲ್ಲ. ಕೆಲಸದ ಪರವಾನಗಿ ಸಿಗುವುದು ಎಚ್-4ರಲ್ಲಿರುವ ಗಂಡನಿಗೋ ಹೆಂಡತಿಗೋ, ಅದೂ ಷರತ್ತುಗಳ ಮೇಲೆ. ಎಫ್-1 ಆದರೆ ಸಿಪಿಟಿ, ಅಂದರೆ ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿಯ ಮೇಲೆ ಕೋ-ಆಪ್ ಮಾಡಬಹುದು. ಅದಕ್ಕೆ ಮೊದಲು ಒಂದು ಪೂರ್ತಿ ಶೈಕ್ಷಣಿಕ ವರ್ಷ ಓದಿರಬೇಕು. ಗ್ರೀಸ್‌ನ ಸೆಮಿಸ್ಟರ್ ಆ ವರ್ಷದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಬರೆದು ಕೇಳಿ. ಜೊತೆಗೆ ಪೂರ್ಣಾವಧಿ ಸಿಪಿಟಿ ಹನ್ನೆರಡು ತಿಂಗಳು ಮುಟ್ಟಿದರೆ ಡಿಗ್ರಿ ಆದ ಮೇಲೆ ಕೆಲಸ ಮಾಡಲು ಸಿಗುವ ಒಪಿಟಿ ಅನುಮತಿ ಕೈತಪ್ಪುತ್ತದೆ. ಆರಾರು ತಿಂಗಳ ಎರಡು ಕೋ-ಆಪ್ ಅಂದರೆ ಸರಿಯಾಗಿ ಆ ಗೆರೆಯ ಮೇಲೆ ಬಂದು ನಿಲ್ಲುತ್ತೀರಿ. ಅಲ್ಲಿನ ವಿದೇಶಿ ವಿದ್ಯಾರ್ಥಿಗಳು ದಿನ ಎಣಿಸಿಕೊಂಡೇ ಕೋ-ಆಪ್ ಮಾಡಬೇಕು. ಯುಟಿ ಡಲ್ಲಾಸ್‌ನಲ್ಲೂ ಕಾನೂನು ಇದೇ. ಆದರೆ ಅಲ್ಲಿನ ಓದು ಕೋ-ಆಪ್ ಮೇಲೆ ನಿಂತಿಲ್ಲ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಬೋಸ್ಟನ್‌ನ ಖರ್ಚು ಊಟ, ವಸತಿ ಸೇರಿ ವರ್ಷಕ್ಕೆ 90 ಸಾವಿರ ಡಾಲರ್ ಆಸುಪಾಸು. ಇನ್-ಸ್ಟೇಟ್ ಯುಟಿ ಡಲ್ಲಾಸ್ ಅದರ ಅರ್ಧವೂ ಆಗದು. ಫ್ರಿಸ್ಕೊದಿಂದ ಓಡಾಡಿದರೆ ಇನ್ನೂ ಕಡಿಮೆ. ಎಚ್-4 ಮಕ್ಕಳಿಗೆ ಫೆಡರಲ್ ಸಾಲ, ನೆರವು ಯಾವುದೂ ಇಲ್ಲ. ಒಂದು ಎಚ್ಚರಿಕೆ ಮಾತ್ರ: ಮುಂದೆ ಎಫ್-1ಗೆ ಬದಲಾದ ಮೇಲೂ ಇನ್-ಸ್ಟೇಟ್ ಫೀ ಉಳಿಯುತ್ತದಾ ಅಂತ ಯುಟಿ ಡಲ್ಲಾಸ್‌ನಲ್ಲಿ ಲಿಖಿತವಾಗಿ ಕೇಳಿ. ಟೆಕ್ಸಾಸ್‌ನ 2001ರ ಫೀ ಕಾನೂನಿಗೆ (ದಾಖಲೆಯಿಲ್ಲದ ವಲಸೆ ಮಕ್ಕಳಿಗೂ ಇನ್-ಸ್ಟೇಟ್ ಫೀ ಕೊಡುತ್ತಿದ್ದ ಕಾನೂನು ಅದು) 2025ರ ಜೂನ್‌ನಲ್ಲಿ ಕೋರ್ಟಿನಲ್ಲಿ ಪೆಟ್ಟು ಬಿದ್ದ ಮೇಲೆ ಅಲ್ಲಿ ಗೊಂದಲವಿದೆ. ಬೇರೆ ಮನೆಯವರು ಹೇಳಿದ್ದನ್ನು ನೆಚ್ಚಿಕೊಳ್ಳಬೇಡಿ.

ಹುಡುಗಿ ಒಬ್ಬಳೇ ಅನ್ನೋದರ ಬಗ್ಗೆ: ಒಬ್ಬಳೇ ಹೋಗುವುದಿಲ್ಲ. ಇವಳ ಹಾಗೇ ಸೇರಿದ ಮಕ್ಕಳ ಗುಂಪಿನ ಜೊತೆ ಹೋಗುತ್ತಾಳೆ. ಜನವರಿಯಲ್ಲಿ ಬೋಸ್ಟನ್‌ಗೆ ಬರುವಾಗ ಜೊತೆಗೆ ಸ್ನೇಹಿತರೂ ಇರುತ್ತಾರೆ. ಊಟದ ಚಿಂತೆಯಂತೂ ಬಿಡಿ. ಗ್ರೀಕರು ಕ್ರಿಸ್‌ಮಸ್‌ಗೆ ಮುಂಚೆ ನವೆಂಬರ್ 15ರಿಂದ ನಲವತ್ತು ದಿನ ವ್ರತ ಹಿಡಿಯುತ್ತಾರೆ. ಮಾಂಸ, ಮೊಟ್ಟೆ, ಹಾಲು ಇಲ್ಲದ ‘ನಿಸ್ತಿಸಿಮಾ’ ಅಡುಗೆ ಅಂತಲೇ ಇದೆ. ಕೆಲವು ದಿನ ಮೀನಿಗೆ ರಿಯಾಯಿತಿ ಇರುತ್ತದೆ, ಕೇಳಿಕೊಂಡು ತಿನ್ನಬೇಕು ಅಷ್ಟೇ. ಟೊಮೆಟೊದಲ್ಲಿ ಬೇಯಿಸಿದ ದಪ್ಪ ಬಿಳಿ ಬೀನ್ಸ್ ತಿಂದು ನಿಮ್ಮ ಮಗಳು ಸುಖವಾಗಿರುತ್ತಾಳೆ. ಸಮುದ್ರದಂಚಿನ ಚೆಂದದ ಊರು ಅದು. ಅವಳು ಕುಣಿಯುವುದರಲ್ಲಿ ತಪ್ಪೇನಿಲ್ಲ. ಅವಳ ಪಾಸ್‌ಪೋರ್ಟ್ ಬೇರೆ ಇದ್ದಿದ್ದರೆ, ದುಡ್ಡಿನ ಲೆಕ್ಕ ಹೊಂದಿದ್ದರೆ, ಹೋಗಲಿ ಬಿಡಿ ಅಂತ ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸುತ್ತಿದ್ದೆ.

ಈಗಿರುವ ಸ್ಥಿತಿಯಲ್ಲಿ ನನ್ನ ಅಭಿಪ್ರಾಯ ಕೇಳಿದರೆ ಯುಟಿ ಡಲ್ಲಾಸ್. ಆದರೆ ಅದನ್ನು ಅವಳ ಮೇಲೆ ಹೇರಬೇಡಿ. ಮೂರು ವರ್ಷಕ್ಕೆ ಬಂದ ಮಗುವಿಗೆ ತಾನು ಈ ದೇಶದವಳಲ್ಲ ಅನ್ನೋದು ಇಂಥ ಹೊತ್ತಿನಲ್ಲೇ ಕಣ್ಣಿಗೆ ಹೊಡೆಯುವುದು. ಜೊತೆಯವರೆಲ್ಲ ಹೋಗುವ ಕಡೆ ತಾನ್ಯಾಕೆ ಹೋಗಬಾರದು ಅನ್ನೋ ಸಿಟ್ಟು ನಿಮ್ಮ ಮೇಲೆ ತಿರುಗಿದರೂ ತಿರುಗಬಹುದು. ಅದಕ್ಕೇ ಮೇಲಿನ ಪ್ರಶ್ನೆಗಳನ್ನೆಲ್ಲ ಅವಳೇ ಕಾಲೇಜಿಗೆ ಮೇಲ್ ಮಾಡಲಿ. ಅಡ್ಮಿಷನ್ ಕಚೇರಿಗೆ ಒಂದು, ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಒಂದು. ಎರಡನೆಯದು ಮುಖ್ಯ, ವೀಸಾ ಗೊತ್ತಿರುವುದು ಅವರಿಗೆ. ಉತ್ತರವನ್ನು ಅವಳೇ ಓದಲಿ. ನೀವಿಬ್ಬರೂ ಅವಳನ್ನು ಕರೆದುಕೊಂಡು ಇಮಿಗ್ರೇಷನ್ ವಕೀಲರ ಹತ್ತಿರ ಒಂದು ಗಂಟೆ ಕೂತು ಬನ್ನಿ. ಯಜಮಾನರ ಕಂಪನಿಯ ವಕೀಲರು ಕಂಪನಿಯವರು, ಹಾಗಾಗಿ ಬೇರೆಯವರಾದರೆ ಒಳ್ಳೆಯದು.

ಮೇಲ್‌ನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಲು ಹೇಳಿ. ವೀಸಾ ಕಾರಣ ಕೊಟ್ಟು, ಗ್ರೀಸ್ ಬಿಟ್ಟು ನೇರವಾಗಿ ಜನವರಿಯಲ್ಲಿ ಬೋಸ್ಟನ್‌ಗೆ ಸೇರಲು ಬಿಡುತ್ತೀರಾ ಅಂತ. ಬಿಡುತ್ತೇವೆ ಅಂದರೆ, ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ನಿಮ್ಮೂರಿನಲ್ಲೇ ಇರುವ ಕಾಲಿನ್ ಕಾಲೇಜಿನ ಫ್ರಿಸ್ಕೊ ಕ್ಯಾಂಪಸ್‌ನಲ್ಲಿ ಒಂದೆರಡು ಕೋರ್ಸು ಮಾಡಬಹುದಾ, ಆ ಕ್ರೆಡಿಟ್ ಒಪ್ಪುತ್ತೀರಾ ಅನ್ನೋದನ್ನೂ ಕೇಳಲಿ. ಕೆಲವು ಕಾಲೇಜುಗಳು ಅದಕ್ಕೆ ಒಪ್ಪುವುದಿಲ್ಲ, ಕೇಳದೆ ಸೇರುವುದು ಬೇಡ. ಇದಕ್ಕೆ ಹೂಂ ಅಂದರೆ ದೇಶ ಬಿಡುವ ಪ್ರಶ್ನೆಯೇ ಇರುವುದಿಲ್ಲ. ಆಮೇಲೆ ಉಳಿಯುವುದು ದುಡ್ಡು ಮತ್ತು ಕೋ-ಆಪ್ ಲೆಕ್ಕ, ಅದನ್ನು ನೀವು ಮೂವರೂ ಕೂತು ಹಾಕಬಹುದು. ಏಪ್ರಿಲ್ ಕೊನೆಯ ವಾರದಲ್ಲಿ ಆ ಕಚೇರಿಗಳಿಗೆ ಮೇಲ್‌ಗಳ ರಾಶಿ ಬೀಳುತ್ತದೆ. ಈ ವಾರವೇ ಕಳಿಸಿ, ಎರಡು ದಿನದಲ್ಲಿ ಉತ್ತರ ಬರದಿದ್ದರೆ ಫೋನ್ ಮಾಡಿ.