ಸಂಪಾದಕರ ಉತ್ತರ: ಸಾಧಕಿಯರ ಪಕ್ಕದಲ್ಲಿ ಮನೆಗೆಲಸದವಳು

ಮಾನ್ಯರೇ,

ಕಳೆದ ಸಂಚಿಕೆಯ ನಡುಪುಟದಲ್ಲಿ ಬಂದ, ಅಮೆರಿಕದ ಕಪ್ಪು ಕಲಾವಿದೆ ಎಲಿಜಬೆತ್ ಕ್ಯಾಟ್ಲೆಟ್ ಅವರ ಅಚ್ಚುಚಿತ್ರಗಳ ಬಗ್ಗೆ ನೀವು ಬರೆದ ಪತ್ರ ತಲುಪಿತು. ಹ್ಯಾರಿಯೆಟ್ ಟಬ್‌ಮನ್, ಗುಲಾಮಗಿರಿಯ ವಿರುದ್ಧ ದನಿಯೆತ್ತಿದ ಸೊಜರ್ನರ್ ಟ್ರೂತ್, ಕವಯಿತ್ರಿ ಫಿಲಿಸ್ ವೀಟ್ಲಿಯಂಥ ಸಾಧಕಿಯರ ಸಾಲಿನಲ್ಲಿ ಹೆಸರೇ ಇಲ್ಲದ ಮನೆಗೆಲಸದವಳನ್ನು ನಿಲ್ಲಿಸಿದರೆ ಅವರ ಘನತೆ ಉಳಿದೀತೇ ಎಂಬುದು ನಿಮ್ಮ ಮುಖ್ಯ ಆಕ್ಷೇಪ. ಟಬ್‌ಮನ್ ಗುಲಾಮಗಿರಿಯಿಂದ ಬಿಡಿಸಿ ತಂದದ್ದು ಎಪ್ಪತ್ತು ಜನರನ್ನು, ಅಡಿಬರಹದಲ್ಲಿ ‘ನೂರಾರು’ ಎಂದಿರುವುದು ಉತ್ಪ್ರೇಕ್ಷೆಯಲ್ಲವೇ ಎಂದೂ, ಇವನ್ನು ಶಾಲೆಯಲ್ಲಿ ತೋರಿಸಬಹುದೇ ಎಂದೂ ಕೇಳಿದ್ದೀರಿ.

ಲೆಕ್ಕದ ಮಾತನ್ನು ಮೊದಲು ಮುಗಿಸುತ್ತೇನೆ. 1849ರಲ್ಲಿ ಮೇರಿಲ್ಯಾಂಡಿನ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಟಬ್‌ಮನ್ ಸುಮಾರು 13 ಸಲ ಅಲ್ಲಿಗೇ ಮರಳಿ 70ರಷ್ಟು ಜನರನ್ನು ಕರೆತಂದರು ಎನ್ನುವುದು ಇಂದಿನ ಇತಿಹಾಸಕಾರರು ಒಪ್ಪುವ ಸಂಖ್ಯೆ. ಆದರೆ ಅಮೆರಿಕದ ಅಂತರ್ಯುದ್ಧದ ನಡುವೆ, 1863ರಲ್ಲಿ ದಕ್ಷಿಣ ಕೆರೊಲಿನಾದ ಕಂಬಾಹೀ ನದಿಯ ಮೇಲೆ ಉತ್ತರದ ಸೇನೆ ನಡೆಸಿದ ದಾಳಿಗೆ ದಾರಿ ತೋರಿಸಿದವರೂ ಅವರೇ. ಆ ಒಂದೇ ದಾಳಿಯಲ್ಲಿ 700ಕ್ಕೂ ಹೆಚ್ಚು ಮಂದಿ ಬಿಡುಗಡೆ ಕಂಡರು. ‘ನೂರಾರು’ ಎಂಬುದರಲ್ಲಿ ಸುಳ್ಳಿಲ್ಲ.

ಇನ್ನು ಘನತೆಯ ಪ್ರಶ್ನೆ. ಇದರಲ್ಲಿ ನಾನು ನಿಮ್ಮನ್ನು ಒಪ್ಪಲಾರೆ. ಕ್ಯಾಟ್ಲೆಟ್ 1946–47ರಲ್ಲಿ ಮೆಕ್ಸಿಕೋದಲ್ಲಿ ಕೂತು ಕೊರೆದ ಈ ಸರಣಿಯಲ್ಲಿ 15 ಚಿತ್ರಗಳಿವೆ. ಹೆಸರು ಹೇಳಿ ತೋರಿಸಿರುವುದು ಮೂವರನ್ನು ಮಾತ್ರ. ಉಳಿದವರು ಹೊಲದಲ್ಲಿ ಗೇಯುವವರು, ಕಂಡವರ ಮನೆಯಲ್ಲಿ ದುಡಿಯುವವರು, ಹಾಡುವವರು, ಕಾರ್ಮಿಕರನ್ನು ಸಂಘಟಿಸುವವರು. ಅಡಿಬರಹಗಳನ್ನು ಒಂದರ ಕೆಳಗೊಂದು ಓದುತ್ತಾ ಹೋಗಿ: ‘ನಾನು ಸದಾ ದುಡಿದಿದ್ದೇನೆ’ ಎಂದವಳೇ ಮುಂದೆ ‘ಹ್ಯಾರಿಯೆಟ್ ಟಬ್‌ಮನ್ ಆಗಿ ನೂರಾರು ಜನರನ್ನು ಬಿಡಿಸಿದೆ’ ಎನ್ನುತ್ತಾಳೆ. ಹದಿನೈದೂ ಒಬ್ಬಳದೇ ಮಾತು. ಮನೆಗೆಲಸದವಳನ್ನು ತೆಗೆದುಹಾಕಿದರೆ ಟಬ್‌ಮನ್ ಯಾರಿಗಾಗಿ ಜೀವ ಪಣಕ್ಕಿಟ್ಟರು ಎಂಬುದೇ ಚಿತ್ರದಿಂದ ಮಾಯವಾಗುತ್ತದೆ. ಕ್ಯಾಟ್ಲೆಟ್ ಅವರ ಅಜ್ಜ ಅಜ್ಜಿಯರೂ ಗುಲಾಮಗಿರಿ ಕಂಡವರು. ಆ ಕೆಲಸದವಳು ಅವರಿಗೆ ಮನೆಯವಳೇ.

ವೀಟ್ಲಿಯ ಚಿತ್ರವನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಆಫ್ರಿಕಾದಿಂದ ಹೊತ್ತೊಯ್ದು 1761ರಲ್ಲಿ ಬಾಸ್ಟನ್‌ನಲ್ಲಿ ಮಾರಿದಾಗ ಆಕೆ ಏಳೆಂಟು ವರ್ಷದ ಹುಡುಗಿ. 1773ರಲ್ಲಿ ಆಕೆಯ ಕವನಸಂಕಲನ ಲಂಡನ್ನಿನಲ್ಲಿ ಅಚ್ಚಾಯಿತು. ಪದ್ಯಗಳು ಆಕೆಯವೇ ಎಂದು ಬಾಸ್ಟನ್ನಿನ 18 ಗಣ್ಯ ಗಂಡಸರು ಸಹಿ ಹಾಕಿದ ಪ್ರಮಾಣಪತ್ರವೂ ಪುಸ್ತಕದೊಳಗೇ ಇತ್ತು! ಆ ಪುಸ್ತಕದ ಮೊದಲಿಗಿದ್ದ ಭಾವಚಿತ್ರದಲ್ಲಿ ವೀಟ್ಲಿ ಗರಿಲೇಖನಿ ಹಿಡಿದು ಒಬ್ಬಳೇ ಕುಳಿತಿದ್ದಾಳೆ. ಕ್ಯಾಟ್ಲೆಟ್ ಆ ಭಂಗಿಯನ್ನು ಹಾಗೆಯೇ ಉಳಿಸಿಕೊಂಡು, ಆಕೆಯ ಬೆನ್ನ ಹಿಂದೆ ಸಂಕೋಲೆ ತೊಟ್ಟ ಹೆಂಗಸರನ್ನು ನಿಲ್ಲಿಸಿದರು. ವೀಟ್ಲಿಯ ಎತ್ತರ ಇದರಿಂದ ಕುಗ್ಗಿತೆಂದು ನಿಮಗೆ ಅನ್ನಿಸುತ್ತದೆಯೇ? ನನ್ನ ಕಣ್ಣಿಗೆ ಆ ಲೇಖನಿಯ ತೂಕ ತಿಳಿದದ್ದೇ ಆ ಹೆಂಗಸರನ್ನು ಕಂಡ ಮೇಲೆ.

ಮಾಧ್ಯಮದ ಆಯ್ಕೆಯೂ ಹೀಗೆಯೇ. ತೈಲವರ್ಣದ ಭಾವಚಿತ್ರ ಒಂದೇ ಗೋಡೆಗೆ ಸೇರುತ್ತದೆ. ಲಿನೋಲಿಯಂ ಹಾಳೆಯನ್ನು ಉಳಿಯಿಂದ ಕೊರೆದು ಮಸಿ ಹಚ್ಚಿದರೆ ಕಡಿಮೆ ಖರ್ಚಿನಲ್ಲಿ ಹಲವು ಪ್ರತಿ ತೆಗೆಯಬಹುದು. ಕ್ಯಾಟ್ಲೆಟ್ ಸೇರಿಕೊಂಡ ಮೆಕ್ಸಿಕೋ ನಗರದ ‘ಜನತೆಯ ಮುದ್ರಣ ಕಾರ್ಯಾಗಾರ’ ಇದೇ ವಿಧಾನದಲ್ಲಿ ಭಿತ್ತಿಪತ್ರ, ಕರಪತ್ರಗಳನ್ನು ಅಚ್ಚು ಹಾಕಿ ಜನರ ಕೈಗೆ ಮುಟ್ಟಿಸುತ್ತಿತ್ತು.

ಮಕ್ಕಳಿಗೆ ತೋರಿಸುವ ವಿಚಾರ. ಕೊರಳಿಗೆ ಹಗ್ಗ ಬಿಗಿದು ಕೊಂದ ಕಪ್ಪು ಗಂಡಸು ನೆಲದ ಮೇಲೆ ಬಿದ್ದಿರುವ ಚಿತ್ರ ನಿಮ್ಮನ್ನು ಕಾಡಿದ್ದು ಸಹಜ. ಪ್ರಾಥಮಿಕ ಶಾಲೆಯವರಿಗೆ ಅದು ಬೇಡ. ಒಂಬತ್ತು, ಹತ್ತನೇ ತರಗತಿಯವರಿಗೆ ಬಿಳಿಯರು ಗುಂಪು ಸೇರಿ ಕಪ್ಪು ಜನರನ್ನು ಕೊಲ್ಲುತ್ತಿದ್ದ ಆ ಕಾಲದ ಬಗ್ಗೆ ಮೊದಲು ಹೇಳಿ, ಆಮೇಲೆ ತೋರಿಸಿ. ಕ್ಯಾಟ್ಲೆಟ್ ನಿಮ್ಮ ಹಾಗೆಯೇ ಅಧ್ಯಾಪಕಿಯಾಗಿದ್ದವರು. ನ್ಯೂ ಆರ್ಲಿಯನ್ಸ್‌ನ ಡಿಲ್ಲರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ ಊರಿನ ವಸ್ತುಸಂಗ್ರಹಾಲಯಕ್ಕೆ ಪಿಕಾಸೊ ಚಿತ್ರಗಳು ಬಂದವು. ಸಂಗ್ರಹಾಲಯವಿದ್ದ ಉದ್ಯಾನಕ್ಕೆ ಕಪ್ಪು ಜನರು ಕಾಲಿಡುವಂತಿರಲಿಲ್ಲ. ಆಕೆ ರಜೆಯ ದಿನ ಬಾಗಿಲು ತೆರೆಸಿ, ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ನೇರ ಬಾಗಿಲಿಗೇ ಕರೆದೊಯ್ದು ಚಿತ್ರ ತೋರಿಸಿದರು.

ನಿಮ್ಮ ಶಾಲೆಗೆ ನಡುಪುಟದ ಪ್ರತಿಗಳು ಎಷ್ಟು ಬೇಕೆಂದು ತಿಳಿಸಿ, ಅಂಚೆಯಲ್ಲಿ ಕಳುಹಿಸುತ್ತೇವೆ.

– ಸಂಪಾದಕ